ಯೂಟಿನ ಎಷ್ಟು ಚಕ್ರ ತಿರುಗಬೇಕು?

ಯೂಟ್ ಮಾರುವ ಕೆಲಸಕ್ಕೆ ನಿಂತವರಿಗೆ, ನಗು ಬರಬಾರದೆಂದು ತುಟಿ ಕಚ್ಚಿಕೊಳ್ಳುವ ಪ್ರಸಂಗ ವಾರಕ್ಕೊಂದಾದರೂ ಬಂದೇ ಬರುತ್ತದೆ. ನನ್ನ ತುಟಿ ಇನ್ನೂ ಇದೆಯಲ್ಲ ಎಂಬುದೇ ಆಶ್ಚರ್ಯ.

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿತ್ತು. ಧಾರವಾಡದಿಂದ ನ್ಯೂಜಿಲೆಂಡಿನ ಆಕ್ಲೆಂಡಿಗೆ ಬಂದಿದ್ದ ನನಗೆ ಮನುಕಾವ್‌ನ ಒಂದು ಕಾರ್ ಯಾರ್ಡಿನಲ್ಲಿ ಸೇಲ್ಸ್ ಕೆಲಸ ಸಿಕ್ಕಿತು. ಯೂಟ್ ಎಂದರೆ ಮುಂದೆ ಕಾರು, ಹಿಂದೆ ಸಾಮಾನು ಹಾಕುವ ತೆರೆದ ಟ್ರೇ. ನನ್ನ ಪಾಲಿಗೆ ಬಂದವು ಅದರಲ್ಲೂ ಜೋರಿನವು. ಎಂಟು ಸಿಲಿಂಡರಿನ ಎಂಜಿನ್. ಕೀಲಿ ತಿರುವಿದರೆ ನಮ್ಮ ಆಫೀಸಿನ ಗಾಜು ಗುಂಯ್ ಅನ್ನುತ್ತಿತ್ತು. ಅವುಗಳಲ್ಲಿ ಎರಡು ಬಗೆ. ಒಂದರಲ್ಲಿ ಎಂಜಿನ್ನಿನ ಬಲ ಹಿಂದಿನ ಎರಡು ಚಕ್ರಕ್ಕೆ ಮಾತ್ರ. ಅದು ಹಗುರ, ತಗ್ಗು, ಬಿಟ್ಟ ಬಾಣ. ಇನ್ನೊಂದರಲ್ಲಿ ನಾಲ್ಕೂ ಚಕ್ರಕ್ಕೆ. ಅದು ಭಾರ, ಪೆಟ್ರೋಲನ್ನೂ ಹೆಚ್ಚು ಕುಡಿಯುತ್ತದೆ, ಆದರೆ ಕೆಸರಿರಲಿ ಮರಳಿರಲಿ ಎದ್ದು ಬರುತ್ತದೆ. ಇವೆರಡರಲ್ಲಿ ಯಾವುದು ಎಂದು ಕೇಳಿದೊಡನೆ ಎಂಥ ಗಟ್ಟಿಮುಟ್ಟಾದ ಗಂಡಸರೂ ಮೆತ್ತಗಾಗಿ, ಯಾರ್ಡಿನ ಬೇಲಿಯಾಚೆ ಎಲ್ಲೋ ದೂರ ನೋಡುತ್ತ ನಿಂತುಬಿಡುತ್ತಿದ್ದರು.

ಇಲ್ಲಿಯವರು ತಮ್ಮ ದೇಶದ ಹಕ್ಕಿಯ ಹೆಸರಿನಲ್ಲಿ ತಮ್ಮನ್ನು ತಾವೇ ಕಿವಿಗಳು ಎಂದು ಕರೆದುಕೊಳ್ಳುತ್ತಾರೆ. ನಮ್ಮ ಮಾಲೀಕನೂ ಕಿವಿಯೇ, ಆದರೆ ಅದರೊಳಗೆ ಯಾರ ಮಾತೂ ಇಳಿಯುತ್ತಿರಲಿಲ್ಲ. ಮೂರು ತಿಂಗಳಲ್ಲಿ ಒಂದಾದರೂ ಮಾರದಿದ್ದರೆ ಬೇರೆ ಕೆಲಸ ನೋಡಿಕೋ ಎಂದು ಮೊದಲ ದಿನವೇ ಹೇಳಿಬಿಟ್ಟಿದ್ದ.

೧. ಶನಿವಾರದ ಪ್ರಯಾಣಿಕ

ನನ್ನ ಮೊದಲ ಗಿರಾಕಿ ಎಪ್ಪತ್ತು ದಾಟಿದ ಒಬ್ಬ ಮುದುಕ. ಪ್ರತಿ ಶನಿವಾರ ಬೆಳಿಗ್ಗೆ ಬಸ್ಸಿನಲ್ಲಿ ಬರುತ್ತಿದ್ದ. ನಾಲ್ಕು ಚಕ್ರದ ಯೂಟಿನ ಬಾಗಿಲು ತೆಗೆಸಿ, ಸ್ಟೀರಿಂಗ್ ಹಿಡಿದು ಕೂತು ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಎಂಜಿನ್ ಹಾಕಲು ಬಿಡುತ್ತಿರಲಿಲ್ಲ. ಹೊರಗೆ ಸೋನೆ ಮಳೆ ಬಾನೆಟ್ಟಿನ ಮೇಲೆ ಸದ್ದಿಲ್ಲದೆ ಜಾರುತ್ತಿತ್ತು. ಅರ್ಧ ಗಂಟೆಯ ಬಳಿಕ ಇಳಿದು, ತುಂಬ ಚೆನ್ನಾಗಿತ್ತು ಎಂದು ಹೇಳಿ ಹೋಗುತ್ತಿದ್ದ. ಎಲ್ಲಿಗೆ ಹೋಗಿದ್ದಿರಿ ಎಂದು ಒಮ್ಮೆ ಧೈರ್ಯ ಮಾಡಿ ಕೇಳಿದೆ. ಹಿಮದ ಬೆಟ್ಟಕ್ಕೆ ಹೊರಟಿದ್ದನಂತೆ, ರಸ್ತೆಯಲ್ಲಿ ಹಿಮ ಜಾಸ್ತಿಯಾಗಿ ಅರ್ಧಕ್ಕೆ ತಿರುಗಿಸಿಕೊಂಡು ಬಂದನಂತೆ.

ಮಾಲೀಕ ಗೊಣಗಿದ. ಆ ಮುದುಕನ ಮೇಲೆ ಟೈಮ್ ಕಳೆಯಬೇಡ, ನಿನ್ನ ಮೂರು ತಿಂಗಳು ಮುಗಿಯುತ್ತ ಬಂತು ಎಂದ. ನಾನೂ ದಿನ ಎಣಿಸುತ್ತಿದ್ದೆ. ಆದರೆ ಮಳೆಯಲ್ಲಿ ನೆನೆದು ಬಂದವನಿಗೆ ಬಾಗಿಲು ತೆಗೆಯುವುದಿಲ್ಲ ಎನ್ನುವುದು ನನ್ನಿಂದ ಆಗಲಿಲ್ಲ.

ಒಂದು ಶನಿವಾರ ಬಂದವನೇ ನೇರವಾಗಿ ಎರಡು ಚಕ್ರದ್ದರಲ್ಲಿ ಕೂತ. ಯಾಕೆ ಬದಲಾಯಿಸಿದಿರಿ ಎಂದೆ.

"ಬೇಸಿಗೆ ಬಂತಲ್ಲ, ಹಿಮ ಕರಗಿದೆ" ಎಂದ. ಇಳಿದ ಮೇಲೆ ಅದನ್ನೇ ಕೊಳ್ಳುತ್ತೇನೆ ಎಂದ. ಕಣ್ಣು ಮಂಜಾಗಿ ಅವನ ಲೈಸೆನ್ಸ್ ಹೋಗಿ ವರ್ಷವಾಗಿತ್ತಂತೆ, ಇನ್ನು ಮಗಳು ಓಡಿಸುತ್ತಾಳೆ, ತಾನು ಪಕ್ಕದಲ್ಲಿ ಕೂತಿರುತ್ತೇನೆ ಎಂದ. ನನ್ನ ಕೆಲಸ ಉಳಿಯಿತು. ಆ ಸಂಭ್ರಮದಲ್ಲಿ, ಬನ್ನಿ, ನಾನು ಓಡಿಸುತ್ತೇನೆ, ಕೊಳ್ಳುವ ಮುಂಚೆ ಒಂದು ಟೆಸ್ಟ್ ಡ್ರೈವ್ ಆದರೂ ಮಾಡಿ ಎಂದು ಕರೆದೆ.

ಅವನು ನನ್ನನ್ನು ಕರುಣೆಯಿಂದ ನೋಡಿ, "ಎರಡು ತಿಂಗಳಿಂದ ಮಾಡುತ್ತಲೇ ಇದ್ದೇನಲ್ಲಮ್ಮ" ಎಂದ.

೨. ಇಲ್ಲದ ದೋಣಿ

ಐವತ್ತರ ಆಸುಪಾಸಿನ ಒಂದು ಜೋಡಿ ಬಂತು. ಗಂಡನಿಗೆ ಎರಡು ಚಕ್ರದ್ದು ಬೇಕು. ಹದಿಹರೆಯದಲ್ಲಿ ಖಾಲಿ ರಸ್ತೆಯ ತಿರುವಿನಲ್ಲಿ ಗಾಡಿಯ ಹಿಂಭಾಗ ಮೆಲ್ಲಗೆ ಜಾರಿದ ಸುಖವನ್ನು ಅವನು ಮರೆತಿರಲಿಲ್ಲ. ಹೆಂಡತಿಗೆ ನಾಲ್ಕು ಚಕ್ರದ್ದೇ ಬೇಕು. ಪಾಚಿಗಟ್ಟಿದ ಇಳಿಜಾರಿನಿಂದ ದೋಣಿಯನ್ನು ಎಳೆದು ತರಬೇಕಲ್ಲ. ಮಾತು ಬೆಳೆಯಿತು. ದೋಣಿಗೆ ನೀಲಿ ಪಟ್ಟೆ ಇರುತ್ತದೆ, ಬೆಳಗಿನ ನೀರು ಕನ್ನಡಿಯ ಹಾಗಿರುತ್ತದೆ, ತಾನು ಮುಂದೆ ಕಾಲು ಚಾಚಿ ಕೂತಿರುತ್ತೇನೆ ಎಂದೆಲ್ಲ ಆಕೆ ಹೇಳುತ್ತ ಹೋದಳು. ಕೇಳುತ್ತ ಕೇಳುತ್ತ ನಾನೂ ಅವರ ಜೊತೆ ಸ್ವಲ್ಪ ದೂರ ಹೋಗಿ ಬಂದೆ. ಕೊನೆಗೆ ದೋಣಿ ಎಷ್ಟು ಉದ್ದ, ಎಷ್ಟು ಭಾರ ಎಂದು ಕೇಳಿದೆ.

ಇಬ್ಬರೂ ಮುಖ ಮುಖ ನೋಡಿಕೊಂಡರು. ದೋಣಿ ಇರಲಿಲ್ಲ.

ಮೊದಲು ದೋಣಿ ಕೊಂಡು ಬರುತ್ತೇವೆ ಎಂದು ಹೋದವರು ತಿಂಗಳಾದ ಮೇಲೆ ಬಂದರು. ನಾನು ಸಂತೋಷದಿಂದ ನಾಲ್ಕು ಚಕ್ರದ್ದರ ಬಾಗಿಲು ತೆಗೆದೆ. ಗಂಡ ಮಾತ್ರ ಎರಡು ಚಕ್ರದ್ದರ ಹತ್ತಿರ ಹೋಗಿ ನಿಂತ. ದೋಣಿ ತೀರ ದೊಡ್ಡದಾಯಿತು, ಯಾವ ಯೂಟಿನಿಂದಲೂ ಎಳೆಯಲಾಗದು, ಇನ್ನು ವರ್ಷವಿಡೀ ನೀರಿನಲ್ಲೇ ಇರುತ್ತದೆ ಎಂದು ಶಾಂತವಾಗಿ ಹೇಳಿದ.

ಹೆಂಡತಿ ನನ್ನ ಕಿವಿಯ ಹತ್ತಿರ ಬಂದು, "ಚಿಕ್ಕದು ಸಾಕು ಅಂದೆ. ನಿನಗೆ ದೊಡ್ಡದೇ ಒಪ್ಪುತ್ತೆ ಅಂತ ಕೊಡಿಸಿದ. ಎಷ್ಟು ಪ್ರೀತಿ ಅಂದುಕೊಂಡಿದ್ದೆ" ಎಂದಳು.

೩. ಫೋನಿನಲ್ಲಿ ಟೂ ವ್ಹೀಲ್

ಈ ಗಾಳಿ ನಮ್ಮ ಮನೆಗೂ ಬೀಸಿತು. ನಮ್ಮ ಯಜಮಾನರು ಎಂಜಿನಿಯರು, ಮಿತಭಾಷಿ. ನಾನು ತಂದಿಟ್ಟ ಯೂಟಿನ ಬ್ರೋಷರ್ ಮುಂದೆ ಇಟ್ಟುಕೊಂಡು ಕೂತರೆ ತಟ್ಟೆಯಲ್ಲಿನ ಉಪ್ಪಿಟ್ಟು ಆರಿ ಕಲ್ಲಾಗುತ್ತಿತ್ತು. ಕರೆದರೆ ಓಗೊಡುತ್ತಿದ್ದರು, ಆದರೆ ಬಹಳ ದೂರದಿಂದ. ಕಡೆಗೆ ಒಂದು ಕೊಳ್ಳೋಣ ಎಂದಾಯಿತು. ನಾಲ್ಕು ಚಕ್ರದ್ದೇ ಇರಲಿ ಎಂದೆ. ಟ್ರೇ ಖಾಲಿ ಇದ್ದರೆ ಹಿಂಭಾಗ ಹಗುರ, ಇಲ್ಲಿಯ ಮಳೆಗೆ ಹಿಂದಿನ ಚಕ್ರಕ್ಕೆ ಹಿಡಿತ ಸಿಗುವುದಿಲ್ಲ ಎಂದು, ದಿನವೂ ಗಿರಾಕಿಗಳಿಗೆ ಹೇಳುವುದನ್ನೇ ಹೇಳಿದೆ. "ನಾವೇನು ಹೊಲಕ್ಕ ಹೊಡಕೊಂಡು ಹೋಗೋರೇನು?" ಎಂದರು. ಊರಿಗೆಲ್ಲ ಬುದ್ಧಿ ಹೇಳಿ ಸಂಬಳ ತರುವವಳ ಮಾತು ಮನೆಯಲ್ಲಿ ನಡೆಯಲಿಲ್ಲವಲ್ಲ ಎಂದು ನನಗೆ ಒಳಗೊಳಗೇ ಕುಟುಕಿತು.

ಭಾನುವಾರ ಧಾರವಾಡಕ್ಕೆ ಫೋನ್ ಮಾಡಿ, ಟೂ ವ್ಹೀಲ್ ತೊಗೋಬೇಕಂತ ಮಾಡೀನಿ ಎಂದು ಮಾವನವರಿಗೆ ಹೇಳಿದರು. ಮಾವನವರು ನಿಧಾನವಾಗಿ, ಅಷ್ಟು ದೂರ ಹೋಗಿ ಟೂ ವೀಲರ್ ಯಾಕಪ್ಪಾ, ಇಲ್ಲಿ ನಿನ್ನ ಸ್ಕೂಟರ್ ಹಂಗೇ ಐತಲ್ಲ ಎಂದರು. ಅತ್ತೆ ಫೋನ್ ಕಸಿದುಕೊಂಡು ನನ್ನನ್ನು ಕರೆದು, ಇಬ್ಬರ ಕೆಲಸಾನೂ ಹೋತೇನು, ಖರೇ ಹೇಳು ಎಂದರು.

ಸ್ಪೀಕರ್ ಹಾಕಿ ಯಜಮಾನರು ಬಿಡಿಸಿ ಹೇಳಿದರು. ಗಾಡಿಗೆ ಚಕ್ರ ನಾಲ್ಕೇ, ಎಂಜಿನ್ ತಿರುಗಿಸುವುದು ಮಾತ್ರ ಎರಡನ್ನು.

"ಹಂಗಾದ್ರ ಉಳಿದ ಎರಡು ಏನ್ ಮಾಡ್ತಾವ?" ಅತ್ತೆ ಕೇಳಿದರು.

"ಏನೂ ಇಲ್ಲವ್ವಾ. ಸುಮ್ನ ಜೋಡಿ ಉರುಳ್ತಾವ."

"ತಿಳೀತು ಬಿಡು," ಎಂದರು ಅತ್ತೆ. "ನಿಮ್ಮಪ್ಪನಂಗ."

೪. ಒದ್ದೆ ಹುಲ್ಲು

ಎರಡು ಚಕ್ರದ್ದೇ ಮನೆಗೆ ಬಂತು. ಕಡುನೀಲಿ ಬಣ್ಣ. ಆ ವಸಂತದಲ್ಲಿ ನಮ್ಮ ಕನ್ನಡದವರೆಲ್ಲ ಸಮುದ್ರದ ಪಕ್ಕದ ಒಂದು ಪಾರ್ಕಿನಲ್ಲಿ ಪಿಕ್ನಿಕ್ ಇಟ್ಟುಕೊಂಡರು. ಎರಡು ದಿನ ಸುರಿದ ಮಳೆ ಆಗಷ್ಟೇ ನಿಂತಿತ್ತು. ಎಲ್ಲರೂ ಜಲ್ಲಿ ಹಾಕಿದ ಜಾಗದಲ್ಲಿ ಕಾರು ನಿಲ್ಲಿಸಿದರೆ ನಮ್ಮ ಯಜಮಾನರು ಕೆಳಗೆ ಹುಲ್ಲಿನ ಮೇಲೆ, ಹಿಂದೆ ಕಡಲು ಕಾಣುವ ಹಾಗೆ ಯೂಟ್ ನಿಲ್ಲಿಸಿ, ಊಟದುದ್ದಕ್ಕೂ ಅದನ್ನೇ ನೋಡುತ್ತ ಕೂತರು.

ಹೊರಡುವಾಗ ಹಿಂದಿನ ಚಕ್ರ ಎರಡೂ ಇದ್ದಲ್ಲೇ ಗಿರ್ರನೆ ತಿರುಗಿದವು. ಯೂಟ್ ಒಂದು ಗೇಣೂ ಸರಿಯಲಿಲ್ಲ. ನಾಲ್ಕು ಜನ ಹಿಂದಿನಿಂದ ನೂಕಿದರು. ಚಕ್ರ ಎರಚಿದ ಕೆಸರಿಗೆ ನಾಲ್ವರೂ ಕಾಲರಿನಿಂದ ಬೂಟಿನವರೆಗೆ ಒಂದೇ ಬಣ್ಣವಾದರು. ನಾನು ಬಾಯಿ ಬಿಡಲಿಲ್ಲ. ಮದುವೆಯಾದಾಗಿನಿಂದ ಅಷ್ಟು ಕಷ್ಟಪಟ್ಟು ಸುಮ್ಮನಿದ್ದದ್ದು ಅದೊಂದೇ ಸಲ. ಕೊನೆಗೆ ಇವರೇ ಇಳಿದು ನನ್ನ ಹತ್ತಿರ ಬಂದು, ದನಿ ತಗ್ಗಿಸಿ, "ಈಗ ಏನ್ ಮಾಡೋದು, ನೀನ ಹೇಳು" ಎಂದರು.

ಆ ಒಂದು ಮಾತಿಗೆ ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಹಿಂದೆ ಭಾರ ಬೇಕು ಎಂದೆ. ಪಾತ್ರೆಗಳು ಆಗಲೇ ಖಾಲಿಯಾಗಿದ್ದವು. ಸುತ್ತ ನೋಡಿದಾಗ ನನಗೆ ಕಂಡವರು ನಮ್ಮ ಆಂಟಿಯರು.

ಅವರಲ್ಲಿ ಹಿರಿಯರು ಹುಬ್ಬಳ್ಳಿಯವರು. ಆಕ್ಲೆಂಡಿನ ಸ್ಯಾಂಡ್ರಿಂಗಮ್ ಬಡಾವಣೆಯಲ್ಲಿ ಮಗನ ಮನೆಯಲ್ಲಿದ್ದರು. ಇಲ್ಲಿಯ ತರಕಾರಿಗೆ ರುಚಿ ಇಲ್ಲ, ಬಿಸಿಲಿಗೆ ಕಾವಿಲ್ಲ, ಜನಕ್ಕೆ ಮಾತಿಲ್ಲ ಎಂದು ಬೆಳಗಿನಿಂದ ಒಂದೊಂದಾಗಿ ಹೇಳುತ್ತಲೇ ಇದ್ದರು. ಪ್ಲಾಸ್ಟಿಕ್ ಕುರ್ಚಿ ಇಟ್ಟು ಅವರನ್ನೂ ಇನ್ನಿಬ್ಬರನ್ನೂ ಟ್ರೇಗೆ ಹತ್ತಿಸಿ, ಜಮಖಾನೆ ಹಾಸಿ, ಸಮುದ್ರದ ಕಡೆ ಮುಖ ಮಾಡಿ ಕೂಡಿಸಿದೆ. ನನ್ನ ತೂಕ ತೋರಿಸಾಕ ಊರೆಲ್ಲ ಕರೆದೀರಿ ಎಂದು ಹುಬ್ಬಳ್ಳಿ ಆಂಟಿ ಬೈದುಕೊಂಡೇ ಕೂತರು.

ಯಜಮಾನರು ಮೆಲ್ಲಗೆ ಆಕ್ಸಿಲರೇಟರ್ ಒತ್ತಿದರು. ಚಕ್ರ ಹುಲ್ಲನ್ನು ಕಚ್ಚಿದವು. ಯೂಟ್ ನಡಿಗೆಯ ವೇಗದಲ್ಲಿ ದಿಬ್ಬ ಏರತೊಡಗಿತು. ಸೆರಗುಗಳು ಗಾಳಿಗೆ ಎದ್ದವು, ಇಳಿಬಿಸಿಲಿನಲ್ಲಿ ಕಡಲು ಹಿಂದೆ ಹಿಂದೆ ಸರಿಯಿತು. ಹುಬ್ಬಳ್ಳಿ ಆಂಟಿ ಮಾತು ನಿಲ್ಲಿಸಿದ್ದನ್ನು ನಾವು ಮೊದಲ ಸಲ ಕಂಡದ್ದು ಆಗ.

ಜಲ್ಲಿಯ ಜಾಗ ಮುಟ್ಟಿ, ಇಳೀರಿ ಎಂದರೆ ಉಳಿದಿಬ್ಬರು ಇಳಿದರು. ಹುಬ್ಬಳ್ಳಿ ಆಂಟಿ ಅಲ್ಲಾಡಲಿಲ್ಲ. ಸಣ್ಣಾಕಿದ್ದಾಗ ಚಕ್ಕಡಿ ಹಿಂದ ಕಾಲು ಇಳಿಬಿಟ್ಟು ಕುಂತು, ದಾರಿ ಹಿಂದಕ್ಕ ಹೋಗೂದು ನೋಡ್ತಿದ್ದೆ, ಎಷ್ಟು ವರ್ಷಾತು ಎಂದು ಮೆಲ್ಲಗೆ ಹೇಳಿ, ಇನ್ನೂ ಸ್ವಲ್ಪ ಹೊತ್ತು ಕಡಲು ನೋಡಿ ಇಳಿದರು.

ಮುಂದಿನ ಶನಿವಾರ ಅವರ ಮಗ ಹಳೆ ಕಾರು ಬದಲಿಸಬೇಕೆಂದು ನಮ್ಮ ಯಾರ್ಡಿಗೆ ಬಂದ. ಜೊತೆಯಲ್ಲಿ ಆಂಟಿ. ಮಗನಿಗೆ ನಾಲ್ಕು ಚಕ್ರದ ಯೂಟ್ ಹಿಡಿಸಿತು. ನಾನೂ ಪೂರ್ತಿ ನಂಬಿಕೆಯಿಂದ, ಇದನ್ನೇ ತೊಗೊಳ್ರಿ, ಎಂಥ ಮಳೆ ಇದ್ದರೂ ಹುಲ್ಲಿನಲ್ಲಿ ಸಿಕ್ಕಿಕೊಳ್ಳುವುದಿಲ್ಲ ಎಂದೆ. ಆಂಟಿ ನನ್ನ ಕೈ ಹಿಡಿದು ಪಕ್ಕಕ್ಕೆ ಕರೆದೊಯ್ದು, ಮಗನಿಗೆ ಕೇಳಿಸದ ಹಾಗೆ ಹೇಳಿದರು:

"ಅದು ಬ್ಯಾಡವಾ. ಅದು ಸಿಕ್ಕೊಳ್ಳೂದ ಇಲ್ಲಂದ್ರ ನನ್ನ ಹಿಂದ ಯಾರು ಕೂಡಿಸ್ತಾರ?"