ಏಣಿಯ ಮೇಲಿನ ಕಾಲು ಯಾರದು?

ಪೇಂಟರ್: ಅದು ನನ್ನ ಕಾಲೇ ಸ್ವಾಮಿ! ನನ್ನ ಕಾಲು ನನಗೆ ಗೊತ್ತಾಗಲ್ವಾ?

ಗುಮಾಸ್ತ: ಯಜಮಾನ್ರೇ, ಫೋಟೋದಲ್ಲಿ ಮೊಣಕಾಲಿಂದ ಮೇಲೆ ಏನೂ ಇಲ್ಲ. ಹೇಗೆ ನಂಬೋದು?

ಸರ್ಕಾರಿ ತೈಲ ಕಂಪನಿಗೆ ಐವತ್ತು ತುಂಬಿತ್ತು. ಅದರ ಚರಿತ್ರೆಯ ಪುಸ್ತಕ ಅಚ್ಚಾಗಬೇಕಿತ್ತು. ಫೋಟೋಗಳಲ್ಲಿ ಇರುವವರ ಹೆಸರು ಪತ್ತೆ ಮಾಡುವ ಪಾಪದ ಕೆಲಸ ಈ ಗುಮಾಸ್ತನ ತಲೆಗೆ ಬಿದ್ದಿತ್ತು. ಮುದುಕ ಪೇಂಟರನ ಮನೆಯ ಮೇಜಿನ ಮೇಲಿದ್ದ ಫೋಟೋದಲ್ಲಿ ಪೆಟ್ರೋಲ್ ಬಂಕು, ಏಣಿ, ಏಣಿಯ ಬುಡದಲ್ಲಿ ಕೋಟು ತೊಟ್ಟ ಮಂತ್ರಿಗಳು, ಮೇಲೆ ಎರಡು ಕಾಲು.

ಪೇಂಟರ್: ಅವತ್ತು ಬೆಳಗಿನ ತನಕ ಅದು ವಿದೇಶಿ ಕಂಪನಿ ಬಂಕು. ಲಾಭ ಇಲ್ಲದ ಕಡೆ ತಲೆ ಹಾಕಿ ಕೂಡ ಮಲಗ್ತಿರಲಿಲ್ಲ ಅವರು. ಸರ್ಕಾರ ವಹಿಸ್ಕೊಂಡ ಮೇಲೆ ಗುಡ್ಡದ ಮೇಲಿನ ಊರಿಗೂ ಸೀಮೆಎಣ್ಣೆ ಹೋಯ್ತು, ಅದೂ ಇಲ್ಲಿನ ದರಕ್ಕೇ. ಎಲ್ಲ ಶುರುವಾಗಿದ್ದು ನಾನು ಬಂಕಿನ ಬೋರ್ಡಲ್ಲಿ ಹಳೇ ಹೆಸರು ಅಳಿಸಿ ಹೊಸದು ಬರೆದ ಮೇಲೆ!

ಗುಮಾಸ್ತ: ಓಹೋ, ರಾಷ್ಟ್ರೀಕರಣ ಮಾಡಿದ್ದು ನೀವು!

ಪೇಂಟರ್: ಸರ್ಕಾರ ಕಾಗದದಲ್ಲಿ ಮಾಡ್ತು, ನಾನು ಬ್ರಷ್ಷಲ್ಲಿ ಮಾಡಿದೆ. ಊರಲ್ಲಿ ಎಲ್ಲರ ಹೆಸರೂ ನಾನೇ ಬರೆದೆ ಸ್ವಾಮಿ. ನನ್ನ ಹೆಸರು ಮಾತ್ರ ಯಾರೂ ಎಲ್ಲೂ ಬರೀಲಿಲ್ಲ.

ಗುಮಾಸ್ತನ ಮನಸ್ಸು ಕರಗಿತು. ಪೆನ್ನಿನ ಮುಚ್ಚಳ ತೆಗೆದ. ಅಷ್ಟರಲ್ಲಿ ಮನೆಯಾಕೆ ಒಳಗಿನಿಂದ ಬಂದು ಫೋಟೋವನ್ನು ಕಣ್ಣ ಹತ್ತಿರ ಹಿಡಿದಳು.

ಹೆಂಡತಿ: ಅಯ್ಯೋ, ಇದು ನನ್ನ ಕಾಲಲ್ವಾ!

ಪೇಂಟರ್: ಸುಮ್ನಿರೇ. ಪ್ಯಾಂಟು ಕಾಣಲ್ವಾ ನಿಂಗೆ?

ಹೆಂಡತಿ: ಪ್ಯಾಂಟು ನಿಮ್ದು, ಕಾಲು ನಂದು. ಮೂರು ಮೆಟ್ಟಿಲು ಹತ್ತಿದ್ರೆ ತಲೆ ಸುತ್ತುತ್ತೆ ಅಂತ ಎಲ್ಲ ಬೋರ್ಡೂ ನೆಲದ ಮೇಲಿಟ್ಟೇ ಬರೀತಿದ್ರಿ. ಅದೊಂದನ್ನ ಇಳಿಸೋಕಾಗ್ಲಿಲ್ಲ. ಹತ್ತಿದ್ದು ಯಾರು ಹೇಳಿ?

ಮುದುಕ ಕಿಟಕಿಯ ಕಡೆ ನೋಡಿದ.

ಪೇಂಟರ್: ಬಣ್ಣ ಕಲಸಿದ್ದು ನಾನು ತಾನೇ.

ಗುಮಾಸ್ತ: ಯಾರ ಹೆಸರು ಬರೀಲಿ ಈಗ?

ಗಂಡನ ಮುಖ ಸಣ್ಣಗಾದದ್ದು ನೋಡಿ ಆಕೆ ಫೋಟೋ ಕೆಳಗಿಟ್ಟಳು.

ಹೆಂಡತಿ: ಇವರದ್ದೇ ಬರ್ಕೊಳ್ಳಿ. ಇಷ್ಟು ವರ್ಷ ಕಾದಿದ್ದಾರೆ, ಪಾಪ.

ಪೇಂಟರ್: ಬೇಡ, ಅವಳದ್ದೇ ಹಾಕಿ. ಏಣಿ ಹಿಡಿದಿದ್ದು ನಾನು ಅಂತ ಕೆಳಗೆ ಸಣ್ಣ ಅಕ್ಷರದಲ್ಲಿ ಹಾಕಿದ್ರೆ ಸಾಕು.

ಹೆಂಡತಿ: ಎಲ್ಲಿ ಹಿಡಿದ್ರಿ? ನೋಡೋಕೇ ಭಯ ಅಂತ ಬಂಕಿನ ಹಿಂದೆ ಹೋಗಿ ಕೂತಿದ್ರಿ! ಏಣಿ ಅಲ್ಲಾಡ್ತಿತ್ತು. ಕೆಳಗೆ ಯಾರೋ ಕೋಟು ಹಾಕಿದವರು ನಿಂತಿದ್ರು. 'ಬೆಪ್ಪನ ಹಾಗೆ ನೋಡ್ತೀಯಲ್ಲ, ಹಿಡ್ಕೊಳ್ಳೋ' ಅಂದೆ. ಹಿಡ್ಕೊಂಡ್ರು.

ಗುಮಾಸ್ತ ಬೆವರು ಒರೆಸಿಕೊಂಡು, ಆ ಫೋಟೋದ ಕೆಳಗೆ ಹಾಕಲು ಮೊದಲೇ ಬರೆದಿಟ್ಟಿದ್ದ ಸಾಲನ್ನು ಓದಿದ.

ಗುಮಾಸ್ತ: 'ದೇಶದ ಇಂಧನದ ಹೊಣೆಯನ್ನು ಸ್ವತಃ ಕೈಗೆತ್ತಿಕೊಂಡ ಮಾನ್ಯ ಮಂತ್ರಿಗಳು.'

ಹೆಂಡತಿ: ಒಳ್ಳೇ ಮನುಷ್ಯ. ನಾನು ಇಳಿಯೋ ತನಕ ಬಿಡ್ಲಿಲ್ಲ.