ತಲೆಪೆಟ್ಟಿಗೆ ನಾಲ್ಕು ಸರಿಯುತ್ತರ

ಆಟದ ಮೈದಾನದಲ್ಲಿ ಯಾರ ತಲೆಗೆ ಪೆಟ್ಟು ಬಿದ್ದಿದೆ ಎಂಬುದನ್ನು ತಲೆ ನೋಡಿ ನಿರ್ಧರಿಸುವ ಹಳೆಯ ಪದ್ಧತಿಯನ್ನು ಕಳೆದ ವರ್ಷದಿಂದ ಕೈಬಿಡಲಾಗಿದೆ. ಈ ಸುಧಾರಣೆಯನ್ನು ಜಾರಿಗೆ ತಂದ ತಲೆಪೆಟ್ಟು ಮಾಹಿತಿ ಏಕರೂಪ ಮಂಡಳಿಗೆ ನಾನು ಸದಸ್ಯ ಕಾರ್ಯದರ್ಶಿ. ಮಂಡಳಿಯ ಬಗ್ಗೆ ಬಾಯಿಗೆ ಬಂದಂತೆ ಮಾತಾಡುವವರು ಹೊರಗೆ ಬಹಳ ಜನ ಇದ್ದಾರೆ. ಅವರಿಗೆ ವಿಷಯ ಗೊತ್ತಿಲ್ಲ. ಗೊತ್ತಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆಯೇ ಹೊರತು ನನಗೇನೂ ಸಿಟ್ಟಿಲ್ಲ.

ಮೊದಲು ಎಂಥ ಅವ್ಯವಸ್ಥೆ ಇತ್ತೆಂದರೆ, ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಪೆಟ್ಟು ತಿಂದು ಬಂದವನಿಗೆ ಒಂದು ಆಸ್ಪತ್ರೆಯವರು ಹೆಸರು ಕೇಳುತ್ತಿದ್ದರು. ಇನ್ನೊಂದು ಆಸ್ಪತ್ರೆಯವರು ನೂರರಿಂದ ಹಿಂದಕ್ಕೆ ಎಣಿಸು ಅನ್ನುತ್ತಿದ್ದರು. ಮತ್ತೊಬ್ಬರು ಒಂಟಿಕಾಲಲ್ಲಿ ನಿಲ್ಲಿಸಿ ಬೀಳುತ್ತಾನೋ ಇಲ್ಲವೋ ನೋಡುತ್ತಿದ್ದರು. ಇವನ್ನೆಲ್ಲ ಒಟ್ಟು ಸೇರಿಸಿ ಸಂಶೋಧನೆ ಮಾಡಿ ಎಂದರೆ ಹೇಗೆ ಮಾಡುವುದು ಸ್ವಾಮಿ? ವಾಂತಿಯ ಕಾಲಂನಲ್ಲಿ ಒಬ್ಬರು ಎಷ್ಟು ಸಲ ಎಂದು ಬರೆದರೆ, ಇನ್ನೊಬ್ಬರು ಎಷ್ಟು ಬಕೆಟ್ ಎಂದು ಬರೆಯುತ್ತಿದ್ದರು. ಸಲವನ್ನು ಬಕೆಟ್ಟಿಗೆ ಪರಿವರ್ತಿಸುವ ಸೂತ್ರ ಹುಡುಕಲು ನೇಮಿಸಿದ ಉಪಸಮಿತಿ ಸಂಸಾರ ಸಮೇತ ವಿದೇಶ ಪ್ರವಾಸ ಮುಗಿಸಿ ಬಂದು, ಅಂಥ ಸೂತ್ರ ಅಲ್ಲೂ ಇಲ್ಲ ಎಂದು ವರದಿ ಕೊಟ್ಟಿತು. ಆದ್ದರಿಂದ ವಾಂತಿಯನ್ನು ತೆಗೆದುಹಾಕಲಾಯಿತು.

ನಮ್ಮ ಅಧ್ಯಕ್ಷರು ನಿವೃತ್ತ ಹಲ್ಲಿನ ಡಾಕ್ಟರು. ಹಲ್ಲಿನವರಿಗೂ ತಲೆಪೆಟ್ಟಿಗೂ ಏನು ಸಂಬಂಧ ಎಂದು ಕೊಂಕು ತೆಗೆದವರಿಗೆ ಇಲಾಖೆ ಸ್ಪಷ್ಟ ಉತ್ತರ ಕೊಟ್ಟಿದೆ: ಹಲ್ಲುಗಳು ಇರುವುದು ತಲೆಯಲ್ಲೇ. ಅವರ ನೇತೃತ್ವದಲ್ಲಿ, ಇನ್ನು ಮುಂದೆ ಎಲ್ಲರಿಗೂ ಒಂದೇ ನಾಲ್ಕು ಪ್ರಶ್ನೆ ಎಂದು ತೀರ್ಮಾನವಾಯಿತು. ಇವತ್ತು ಯಾವ ವಾರ? ಈಗ ಎಲ್ಲಿದ್ದೀಯ? ಈಗ ತಾನೇ ಏನಾಯಿತು? ಎದುರಾಳಿ ಯಾರು?

ಪ್ರಶ್ನೆ ಒಂದೇ ಆದರೆ ಸಾಲದು, ಉತ್ತರವೂ ಒಂದೇ ಆಗಬೇಕು. ತಲೆ ಸರಿಯಿರುವವರು ಈ ಪ್ರಶ್ನೆಗಳಿಗೆ ಏನು ಹೇಳುತ್ತಾರೆ ಎಂಬುದು ಮೊದಲು ಗೊತ್ತಾಗಬೇಕಿತ್ತು. ಆಟಗಾರರನ್ನು ಕೇಳೋಣವೆಂದರೆ, ಅವರು ಎಲ್ಲೆಲ್ಲಿ ತಲೆ ಹೊಡೆಸಿಕೊಂಡಿರುತ್ತಾರೋ ಯಾರು ಕಂಡರು! ಎಂದೂ ಪೆಟ್ಟು ಬೀಳದ, ಬಳಸಿ ಸವೆಯದ ತಲೆಗಳು ಬೇಕಾಗಿದ್ದವು. ಅಂಥವು ನಮ್ಮ ಕಚೇರಿಯಲ್ಲೇ ಬೇಕಾದಷ್ಟು ಇದ್ದವು. ಮಂಡಳಿಯ ಸಭೆಯ ದಿನ ಸಿಬ್ಬಂದಿಯನ್ನೆಲ್ಲ ಸಾಲಾಗಿ ಕೂರಿಸಿ ಕೇಳಿದೆವು. ಜವಾನನಿಂದ ಹಿಡಿದು ಉಪನಿರ್ದೇಶಕರವರೆಗೆ ಒಂದೇ ಉತ್ತರ ಬಂತು. ಇವತ್ತು ಬುಧವಾರ. ಇರುವುದು ಎರಡನೇ ಮಹಡಿಯ ಸಭಾಂಗಣದಲ್ಲಿ. ಈಗ ತಾನೇ ಚಹಾ ಬಂತು. ಎದುರಾಳಿ ಲೆಕ್ಕಪತ್ರ ವಿಭಾಗ.

ನೂರಕ್ಕೆ ನೂರು! ಅಧ್ಯಕ್ಷರ ಕಣ್ಣಲ್ಲಿ ನೀರೇ ಬಂತು. ಈ ನಾಲ್ಕನ್ನು ಆರೋಗ್ಯವಂತ ತಲೆಯ ಸರಿಯುತ್ತರಗಳೆಂದು ಘೋಷಿಸಿ ಎಲ್ಲ ಮೈದಾನಗಳಿಗೂ ಸುತ್ತೋಲೆ ಕಳಿಸಿದೆವು. ಮೂರು ಉತ್ತರ ಸರಿಯಾದರೆ ಆಟಗಾರ ಆಡಲು ಯೋಗ್ಯ. ಕಡಿಮೆಯಾದರೆ ತಲೆಗೆ ಪೆಟ್ಟಾಗಿದೆ, ಆಡುವಂತಿಲ್ಲ. ಸರಿಯುತ್ತರಗಳನ್ನು ಗೋಪ್ಯವಾಗಿ ಅಚ್ಚು ಹಾಕುವ ಗುತ್ತಿಗೆ ಅಧ್ಯಕ್ಷರ ಅಳಿಯನಿಗೆ ಸಿಕ್ಕಿತು. ಅರ್ಜಿ ಹಾಕಿದ್ದವನು ಅವನೊಬ್ಬನೇ, ಏಕೆಂದರೆ ಟೆಂಡರ್ ಕೂಡ ಗೋಪ್ಯವಾಗಿತ್ತು.

ಮೊದಲ ಪರೀಕ್ಷೆ ನಡೆದದ್ದು ಒಂದು ಶನಿವಾರ, ನಗರದ ಫುಟ್‌ಬಾಲ್ ಲೀಗಿನ ಸೆಮಿಫೈನಲ್‌ನಲ್ಲಿ. ಒಂದು ತಂಡದ ಗೋಲ್‌ಕೀಪರ್ ಹುಡುಗನನ್ನು ಎಲ್ಲರೂ ಗೋಡೆ ಎಂದು ಕರೆಯುತ್ತಿದ್ದರು. ಚೆಂಡು ಹಿಡಿಯಲು ಹಾರಿದವನು ಗೋಲಿನ ಕಂಬಕ್ಕೆ ತಲೆ ಗುದ್ದಿಕೊಂಡು ಬಿದ್ದ. ಸದ್ದು ಗ್ಯಾಲರಿಯ ಕೊನೆಯ ಸಾಲಿಗೂ ಕೇಳಿಸಿತಂತೆ. ನಮ್ಮ ನಮೂನೆಯಲ್ಲಿ ಸದ್ದಿಗೆ ಜಾಗವಿಲ್ಲ.

ನಾನು ಮೇಜು ಹೊರಿಸಿಕೊಂಡು ಅವನ ಪಕ್ಕಕ್ಕೆ ಹೋಗಿ ಕೂತೆ.

"ಇವತ್ತು ಯಾವ ವಾರನಪ್ಪ?"

ಅವನ ಕಣ್ಣು ಎಲ್ಲೋ ಇತ್ತು. "ಬುಧವಾರ," ಅಂದ.

"ಈಗ ಎಲ್ಲಿದ್ದೀಯ?"

"ಎರಡನೇ ಮಹಡಿ... ನಮ್ಮನೆ."

ಮನೆ ಎಂಬುದನ್ನು ಹೆಚ್ಚುವರಿ ಮಾಹಿತಿ ಎಂದು ಬಿಟ್ಟುಬಿಟ್ಟೆ. "ಈಗ ತಾನೇ ಏನಾಯಿತು?"

"ಅಮ್ಮ ಚಹಾ ತಂದಳು."

"ಎದುರಾಳಿ ಯಾರು?"

ನನ್ನನ್ನೇ ನೋಡಿ, ಗೊತ್ತಿಲ್ಲ ಎಂದು ತಲೆಯಾಡಿಸಿದ. ಇರಲಿ, ಮೂರು ಸರಿ. ಯೋಗ್ಯತಾ ಪತ್ರ ಬರೆದುಕೊಟ್ಟೆ.

ಹೋಲಿಕೆಗಾಗಿ ಉಳಿದವರನ್ನೂ ಕೇಳಬೇಕೆಂದು ನಿಯಮವಿದೆ. ಎರಡೂ ತಂಡದ ಆಟಗಾರರು, ರೆಫರಿ, ತಂಡದ ಡಾಕ್ಟರು, ಎಲ್ಲರೂ ಶನಿವಾರ, ಮೈದಾನ ಎಂದು ಏನೇನೋ ಬಡಬಡಿಸಿದರು. ಒಬ್ಬನ ಬಾಯಲ್ಲೂ ಚಹಾದ ಸುದ್ದಿಯಿಲ್ಲ. ಮೈದಾನದಲ್ಲಿ ತಲೆ ಸರಿಯಿದ್ದವನು ಗೋಡೆ ಒಬ್ಬನೇ ಎಂಬುದು ವೈಜ್ಞಾನಿಕವಾಗಿ ಸಾಬೀತಾಯಿತು. ಉಳಿದವರನ್ನು ಸ್ಟ್ರೆಚರ್ ಮೇಲೆ ಸಾಗಿಸಲು ಆದೇಶಿಸಿದೆ. ಹೊರುವವರೂ ಪೆಟ್ಟಾದವರ ಪಟ್ಟಿಯಲ್ಲೇ ಇದ್ದುದರಿಂದ ಅವರವರೇ ಸರದಿ ಪ್ರಕಾರ ಒಬ್ಬರನ್ನೊಬ್ಬರು ಹೊತ್ತುಕೊಂಡು ಹೋಗತೊಡಗಿದರು. ಮೈದಾನದಲ್ಲಿ ಯೋಗ್ಯನಾಗಿ ಉಳಿದವನು ಗೋಡೆ ಒಬ್ಬನೇ ಆದ್ದರಿಂದ ಅವನ ತಂಡವೇ ಗೆದ್ದು ಫೈನಲ್ ತಲುಪಿತು.

ಅಷ್ಟರಲ್ಲಿ ಹೆಂಗಸೊಬ್ಬಳು ಬೇಲಿ ದಾಟಿ ಓಡಿ ಬಂದಳು. ಗೋಡೆಯ ಅಕ್ಕ. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಬಟ್ಟೆ ಹೊಲಿಯುತ್ತಾಳೆ. ಕೊರಳಲ್ಲಿ ಅಳತೆಯ ಟೇಪು ಹಾಗೇ ನೇತಾಡುತ್ತಿತ್ತು.

"ಸಾರ್, ನಮ್ಮಮ್ಮ ತೀರ್ಕೊಂಡು ವರ್ಷಗಳೇ ಆದ್ವು. ಇವನು ಅಮ್ಮ ಚಹಾ ತಂದ್ಳು ಅಂತಿದಾನೆ. ನನ್ನೇ ನೀನ್ಯಾರು ಅಂತ ಕೇಳ್ತಿದಾನೆ. ತಲೆ ಸರಿಯಿದೆ ಅಂತ ಹೇಗೆ ಬರ್ಕೊಟ್ರಿ?"

"ಯಾರು ತಂದರು ಎಂಬುದು ಪ್ರಶ್ನೆಯಲ್ಲಿ ಇಲ್ಲ ತಾಯಿ. ಚಹಾ ಬಂತೋ ಇಲ್ಲವೋ, ಅಷ್ಟೇ."

"ವಾಂತಿ ಮಾಡ್ಕೊಂಡಿದಾನೆ, ಕಣ್ಣು ಬಿಟ್ಟು ನೋಡಿ!"

"ವಾಂತಿಯನ್ನು ತೆಗೆದುಹಾಕಲಾಗಿದೆ."

ಅವಳು ಒಮ್ಮೆ ನೆಲ ನೋಡಿದಳು, ಒಮ್ಮೆ ನನ್ನ ಮುಖ ನೋಡಿದಳು. ಸಾರ್ವಜನಿಕರಿಗೆ ತಿಳಿವಳಿಕೆ ನೀಡುವುದು ಎಷ್ಟು ಕಷ್ಟ ಎಂದು ನನಗೆ ಅವತ್ತು ಗೊತ್ತಾಯಿತು.

ತಂಡದ ಡಾಕ್ಟರು ಸ್ಟ್ರೆಚರ್ ಮೇಲೆ ಹೋಗುತ್ತ ಅವಳನ್ನು ಹತ್ತಿರ ಕರೆದರು. "ಇನ್ನೊಂದು ಪೆಟ್ಟು ಬಿದ್ರೆ ಹುಡುಗ ಉಳಿಯೋದು ಕಷ್ಟ ಕಣಮ್ಮ. ಮುಂದಿನ ಶನಿವಾರ ಫೈನಲ್‌ಗೆ ಇಳಿಸಬೇಡ."

"ಅದನ್ನೇ ಬರ್ದುಕೊಡಿ ಡಾಕ್ಟ್ರೇ, ನಿಮ್ಮ ಕಾಲಿಗೆ ಬೀಳ್ತೀನಿ."

"ನಾನು ಬರೆದ್ರೆ ಯಾರು ನಂಬ್ತಾರೆ? ನಾನೂ ಪರೀಕ್ಷೆಲಿ ಫೇಲು."

ಹುಡುಗನನ್ನು ಮನೆಯಲ್ಲೇ ಇಟ್ಟುಕೊಳ್ಳಬಹುದಿತ್ತಲ್ಲ ಎಂದು ಕೆಲವರು ಕೇಳುತ್ತಾರೆ. ಅಕ್ಕ ತಮ್ಮ ಇರುವ ಎರಡನೇ ಮಹಡಿಯ ಕೋಣೆ ಅವನ ತಂಡದ ಕ್ಲಬ್ಬಿನದು. ಯೋಗ್ಯತಾ ಪತ್ರ ಇದ್ದೂ ಆಡದವನು ಕೋಣೆ ಖಾಲಿ ಮಾಡಬೇಕು. ಕ್ಲಬ್ಬಿನ ಮ್ಯಾನೇಜರ್ ಅದನ್ನು ಅವಳಿಗೆ ಬಹಳ ಮರ್ಯಾದೆಯಿಂದಲೇ ಹೇಳಿದರು. ಬೇರೆ ಗೋಲ್‌ಕೀಪರ್ ಹುಡುಕುವ ಖರ್ಚು ಉಳಿಯಿತೆಂದು ಅವರಿಗೆ ಖುಷಿಯೂ ಆಗಿತ್ತು. ತಲೆಗೆ ಪೆಟ್ಟಾಗಿದೆ ಎಂದು ಮಂಡಳಿ ಒಪ್ಪಿದರೆ ಮಾತ್ರ ಕೋಣೆಯೂ ಉಳಿಯುತ್ತದೆ, ಹುಡುಗನೂ ಉಳಿಯುತ್ತಾನೆ. ಆದ್ದರಿಂದ ಅವಳು ಬುಧವಾರ ಮಂಡಳಿಗೆ ಬಂದಳು.

"ಸ್ವಾಮಿ, ಆಟ ನಡೆಯೋದು ಶನಿವಾರ. ಬುಧವಾರ ಅಂದವನು ಹುಷಾರಾಗಿದಾನೆ ಅಂದ್ರೆ ಯಾವ ನ್ಯಾಯ? ಉತ್ತರ ಬದಲಾಯಿಸಿ."

ಮನಸ್ಸಿಗೆ ಬಂದಂತೆ ಬದಲಾಯಿಸಲು ಇದೇನು ರವಿಕೆಯ ತೋಳೇ? ಆದರೂ ಅಧ್ಯಕ್ಷರು ದೊಡ್ಡ ಮನಸ್ಸಿನವರು. ಸಿಬ್ಬಂದಿಯನ್ನು ಮತ್ತೊಮ್ಮೆ ಪರೀಕ್ಷಿಸೋಣ, ಉತ್ತರ ಬೇರೆ ಬಂದರೆ ಬದಲಿಸೋಣ ಎಂದರು. ಅಲ್ಲೇ, ಅವಳ ಕಣ್ಣೆದುರೇ ಕೇಳಿದೆವು. ಎಲ್ಲರೂ ಬುಧವಾರ ಎಂದರು. ಎರಡನೇ ಮಹಡಿಯ ಸಭಾಂಗಣ ಎಂದರು. ಚಹಾ ಕೂಡ ಆಗಷ್ಟೇ ಬಂದಿತ್ತು. ನಮ್ಮ ಪ್ರಯಾಣ ಭತ್ಯೆಯ ಬಿಲ್ಲನ್ನು ಅವತ್ತೇ ವಾಪಸ್ ಕಳಿಸಿದ್ದ ಲೆಕ್ಕಪತ್ರ ವಿಭಾಗದ ಹೆಸರನ್ನಂತೂ ಹಲ್ಲು ಕಚ್ಚಿಕೊಂಡೇ ಹೇಳಿದರು.

"ನೋಡಿದೆಯಾ ತಾಯಿ? ವಿಜ್ಞಾನ ಯಾರ ದಾಕ್ಷಿಣ್ಯಕ್ಕೂ ಬೀಳುವುದಿಲ್ಲ," ಎಂದರು ಅಧ್ಯಕ್ಷರು.

"ಶನಿವಾರ ಕೇಳಿ ನೋಡಿ ಸ್ವಾಮಿ!"

"ಶನಿವಾರ ಕಚೇರಿಗೆ ರಜೆ."

ಅಲ್ಲಿಂದ ಮುಂದೆ ಅವಳು ಹಿಡಿದ ದಾರಿ ನನಗೆ ಅಷ್ಟು ಹಿಡಿಸಲಿಲ್ಲ. ತಮ್ಮನಿಗೆ ಪೆಟ್ಟಾಗಿದೆ ಎಂದು ಸಾಬೀತಾಗಬೇಕಾದರೆ ಫೈನಲ್ ದಿನದ ಪರೀಕ್ಷೆಯಲ್ಲಿ ಅವನು ಶನಿವಾರ, ಮೈದಾನ ಎಂದು ನೆಟ್ಟಗೆ ಉತ್ತರ ಹೇಳಬೇಕು. ಹೇಳಲು ಬರದಿರುವುದೇ ಅವನ ಕಾಯಿಲೆ. ಶುಕ್ರವಾರ ಸ್ಥಳ ಪರಿಶೀಲನೆಗೆಂದು ನಾನು ಅವಳ ಹೊಲಿಗೆ ಅಂಗಡಿಗೆ ಹೋದಾಗ, ಅವಳು ಮಿಷನ್ ತುಳಿಯುತ್ತಲೇ ಅವನಿಗೆ ಪಾಠ ಹೇಳುತ್ತಿದ್ದಳು. ಅವನು ಬಟ್ಟೆಯ ಚೂರುಗಳ ನಡುವೆ ತಲೆ ಹಿಡಿದುಕೊಂಡು ಕೂತಿದ್ದ.

"ಇವತ್ತು ಯಾವ ವಾರ, ಹೇಳು ಪುಟ್ಟಾ."

"ಬುಧವಾರ."

"ಅಲ್ಲ ಕಣೋ, ಶುಕ್ರವಾರ. ನಾಳೆ ಯಾವುದು?"

"ನಾಳೆ... ಗುರುವಾರ. ಅಕ್ಕಾ, ದೀಪ ಆರ್ಸು, ಕಣ್ಣು ಚುಚ್ತಿದೆ."

ದೀಪ ಹತ್ತಿಸಿರಲೇ ಇಲ್ಲ. ಅವಳು ಮಿಷನ್ ನಿಲ್ಲಿಸಿ, ಬಾಗಿಲಿಗೆ ಬಟ್ಟೆ ಎಳೆದು, ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಅತ್ತಳು. ಅತ್ತು ಮುಗಿಸಿ, "ನಾಳೆ ಶನಿವಾರ ಪುಟ್ಟಾ, ಶನಿವಾರ," ಎಂದು ಮತ್ತೆ ಶುರುಮಾಡಿದಳು. ಸರಿಯುತ್ತರ ಬಲ್ಲವನಿಗೆ ತಪ್ಪು ಹೇಳಿಕೊಡುವುದು ಶಿಕ್ಷಾರ್ಹ. ನನಗೂ ಅಕ್ಕತಂಗಿಯರು ಇದ್ದಾರೆ, ಹಾಗಾಗಿ ನೋಡದವನ ಹಾಗೆ ಬಂದುಬಿಟ್ಟೆ.

ಫೈನಲ್ ದಿನ ನಾನು ನಿರೀಕ್ಷಿಸಿದ್ದಕ್ಕಿಂತ ಹೆಚ್ಚಿನ ಪ್ರಗತಿ ಕಂಡುಬಂತು. ಗೋಪ್ಯ ಸರಿಯುತ್ತರಗಳು ಅಳಿಯನ ಅಂಗಡಿಯಲ್ಲಿ ರಿಯಾಯಿತಿ ದರದಲ್ಲಿ ಸಿಗುತ್ತಿದ್ದವು. ಎರಡೂ ತಂಡದವರು, ರೆಫರಿ, ಡಾಕ್ಟರು, ಕಡಲೆಕಾಯಿ ಮಾರುವವರು ಕೂಡ ಬುಧವಾರ, ಸಭಾಂಗಣ, ಚಹಾ, ಲೆಕ್ಕಪತ್ರ ವಿಭಾಗ ಎಂದು ಒಂದೇ ಉಸಿರಿಗೆ ಒಪ್ಪಿಸಿದರು. ಕೊನೆಗೆ ಗೋಡೆ ಬಂದ. ಮೈಯೆಲ್ಲ ಬೆವರಿತ್ತು. ಅಕ್ಕ ಎರಡು ಮಾರು ದೂರದಲ್ಲಿ ನಿಂತಿದ್ದಳು.

"ಇವತ್ತು ಯಾವ ವಾರ?"

"ಶ... ಶನಿವಾರ."

"ಎಲ್ಲಿದ್ದೀಯ?"

"ಮೈದಾನ."

"ಈಗ ತಾನೇ ಏನಾಯಿತು?"

"ನಮ್ಮಕ್ಕ ಅತ್ತಳು."

"ಎದುರಾಳಿ?"

"ಕೆಂಪು ಅಂಗಿಯೋರು."

ಒಂದೂ ಸರಿಯಿಲ್ಲ. ಅವಳು ಓಡಿ ಬಂದು ತಮ್ಮನನ್ನು ತಬ್ಬಿಕೊಂಡಳು. "ಆಯ್ತಲ್ಲ ಸಾರ್! ಪೆಟ್ಟಾಗಿದೆ ಅಂತ ಬರ್ಕೊಡಿ, ಮನೆಗೆ ಕರ್ಕೊಂಡು ಹೋಗ್ತೀನಿ!" ಬರೆಯಲು ನಾನು ಪೆನ್ನಿನ ಕ್ಯಾಪು ತೆಗೆದೂ ಇದ್ದೆ.

ಫೈನಲ್ ನೋಡಲು ಬಂದಿದ್ದ ಅಧ್ಯಕ್ಷರು ತಡೆದರು. ಮೈದಾನದಲ್ಲಿ ಎಲ್ಲರದೂ ಒಂದು ಉತ್ತರ, ಇವನೊಬ್ಬನದೇ ಬೇರೆ. ಏಕರೂಪತೆ ಹಾಳಾಗುತ್ತದೆ. ಇಂಥ ಸಂದರ್ಭಕ್ಕೆಂದೇ ನಿಯಮವಿದೆ: ಉಳಿದೆಲ್ಲಕ್ಕಿಂತ ಭಿನ್ನವಾದ ಒಂಟಿ ಮಾಹಿತಿಯನ್ನು ದೋಷವೆಂದು ಪರಿಗಣಿಸಿ ಅಳಿಸತಕ್ಕದ್ದು. ಅಳಿಸಿದೆವು.

"ಹಾಗಾದ್ರೆ ಇವನಿಗೆ ಪೆಟ್ಟಾಗಿದೆಯೋ, ಇಲ್ವೋ?" ಎಂದು ಮ್ಯಾನೇಜರ್ ಕೇಳಿದರು.

"ಇವನ ಪರೀಕ್ಷೆಯೇ ನಡೆದಿಲ್ಲ. ಹಿಂದಿನ ವಾರದ ಯೋಗ್ಯತಾ ಪತ್ರ ಜಾರಿಯಲ್ಲಿದೆ," ಎಂದರು ಅಧ್ಯಕ್ಷರು.

ಮ್ಯಾನೇಜರ್ ಹುಡುಗನ ಕೈಗೆ ಗ್ಲೌಸ್ ಹಾಕಿ ಕರೆದುಕೊಂಡು ಹೋದರು. ಅಕ್ಕ ಕೂಗಾಡಿದಳು, ಮೇಜು ಗುದ್ದಿದಳು, ನಮಗೆಲ್ಲ ಕೊಡಬಾರದ ಶಾಪ ಕೊಟ್ಟಳು. ದ್ವಿತೀಯಾರ್ಧದಲ್ಲಿ ಚೆಂಡಿಗೆ ಹಾರಿದ ಗೋಡೆಯ ತಲೆಗೆ ಎದುರಿನವನ ಮೊಣಕಾಲು ಬಡಿಯಿತು. ಅವನು ಏಳಲಿಲ್ಲ.

ಆಸ್ಪತ್ರೆಯಲ್ಲಿ ತಲೆಯೊಳಗೆ ರಕ್ತ ಕಟ್ಟಿದೆ, ತಕ್ಷಣ ಆಪರೇಷನ್ ಆಗಬೇಕು, ಮನೆಯವರ ಸಹಿ ಬೇಕು ಎಂದರು. ರೋಗಿಯ ಕಡೆಯವರು ಗಾಬರಿಯಲ್ಲಿ ತಲೆಗೊಂದು ಹೇಳಿಕೆ ಕೊಟ್ಟು ಮಾಹಿತಿ ಕೆಡಿಸುತ್ತಾರೆಂಬ ಕಾರಣಕ್ಕೆ, ಅವರ ತಲೆಯನ್ನೂ ಪರೀಕ್ಷಿಸಿಯೇ ಒಳಗೆ ಬಿಡಬೇಕೆಂದು ಅದೇ ವಾರ ಆದೇಶವಾಗಿತ್ತು. ನಾನು ವಾರ್ಡಿನ ಬಾಗಿಲಲ್ಲಿ ಮೇಜು ಹಾಕಿಸಿಕೊಂಡೆ. ಅವಳು ಎದುರಿಗೆ ಬಂದು ನಿಂತಳು. ಕೂಗಾಟ ಗೀಗಾಟ ಏನೂ ಇರಲಿಲ್ಲ.

"ಇವತ್ತು ಯಾವ ವಾರ ತಾಯಿ?"

"ಬುಧವಾರ."

"ಈಗ ಎಲ್ಲಿದ್ದೀರಿ?"

"ಎರಡನೇ ಮಹಡಿ ಸಭಾಂಗಣ."

"ಈಗ ತಾನೇ ಏನಾಯಿತು?"

ಅವಳು ಬಾಗಿಲ ಗಾಜಿನಾಚೆ ನೋಡಿದಳು. ಒಳಗೆ ಹುಡುಗನ ತಲೆ ಬೋಳಿಸುತ್ತಿದ್ದರು.

"ಚಹಾ ಬಂತು."

ಮೂರು ಸರಿಯಾದರೆ ಸಾಕು. ಆದರೂ ಕೆಲಸ ಅರ್ಧಕ್ಕೆ ಬಿಡುವ ಅಭ್ಯಾಸ ನನಗಿಲ್ಲ. ನಾಲ್ಕನೆಯದನ್ನೂ ಕೇಳಿದೆ.

"ಎದುರಾಳಿ ಯಾರು?"

ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನಿಧಾನವಾಗಿ ನೋಡಿದಳು.

"ಲೆಕ್ಕಪತ್ರ ವಿಭಾಗ," ಅಂದಳು.

ನಾಲ್ಕಕ್ಕೆ ನಾಲ್ಕು. ಅವಳ ತಲೆ ಪೂರ್ತಿ ಸರಿಯಿದೆ ಎಂದು ಬರೆದು ಬಾಗಿಲು ತೆಗೆಸಿದೆ. ಅವಳು ಕೈ ಮುಗಿದು, "ದೊಡ್ಡ ಉಪಕಾರ ಆಯ್ತು ಸಾರ್," ಎಂದು ಒಳಗೆ ಓಡಿದಳು.