ಹೆರಿಗೆ ಪೆಟ್ಟಿಗೆ ಹಿಡಿದು ಹೊರಟಾಗ

ಹೆರಿಗೆ ಮಾಡಿಸುವುದನ್ನು ಕಲಿಸಿದವರು ಹೆರಿಗೆ ಮನೆಗೆ ಹೋಗಿ ಮುಟ್ಟುವುದು ಹೇಗೆಂದು ನನಗೆ ಕಲಿಸಿರಲಿಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಹೊನ್ನಾಳಿಗೆ ನರ್ಸಾಗಿ ಬಂದೆ. ಅಲ್ಲಿಂದ ಶುರುವಾಯಿತು ನೋಡಿ, ಹೊರಟಾಗಲೆಲ್ಲ ದಾರಿಯಲ್ಲಿ ಏನಾದರೊಂದು. ಜೊತೆಗೆ ಬರುತ್ತಿದ್ದ ಆಯಾ ಚನ್ನಗಿರಿ ಕಡೆಯ ಹೆಂಗಸು, ನನಗಿಂತ ಹಿರಿಯಳು. ನನಗೆ ಅಳು ಬರುವ ಹೊತ್ತಿಗೆ ಸರಿಯಾಗಿ ಅವಳಿಗೆ ನಗು ಬರುತ್ತಿತ್ತು. ಮೊದಮೊದಲು ಅವಳನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಏರಿನಲ್ಲಿ ನಿಂತ ಬಸ್ಸು

ನ್ಯಾಮತಿಯಲ್ಲಿ ಚೊಚ್ಚಲ ಬಸುರಿಗೆ ಬೆಳಗಿನಿಂದ ನೋವು ಎಂದು ಹೇಳಿಕಳಿಸಿದ್ದರು. ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲು ಸುಟ್ಟ ಗ್ಯಾಸಿನಲ್ಲಿ ಓಡುತ್ತಿದ್ದ ದಿನಗಳವು. ನಮ್ಮ ಬಸ್ಸು ಒಂದು ಏರಿನ ನಡುವೆ ಕೆಮ್ಮಿ ನಿಂತೇ ಬಿಟ್ಟಿತು. ಡ್ರೈವರು ಎಲ್ಲರನ್ನೂ ಇಳಿಸಿ ತಳ್ಳಿಸಿದ. ನಾನೂ ಸೆರಗು ಸಿಕ್ಕಿಸಿ ತಳ್ಳಿದೆ. ಎಂಜಿನ್ನು ಹಿಡಿಯಿತು, ಬಸ್ಸು ಏರು ಹತ್ತಿತು, ಆಚೆ ಇಳಿಯಿತು, ಕಣ್ಮರೆಯಾಯಿತು. ನನ್ನ ಪೆಟ್ಟಿಗೆ ಅದರೊಳಗೇ ಇತ್ತು.

ಬಿಸಿಲಲ್ಲಿ ಓಡುತ್ತ ನಡೆಯುತ್ತ ನ್ಯಾಮತಿ ಸೇರಿದೆವು. ನಿಲ್ಲಿಸಿದ್ದರೆ ಮತ್ತೆ ಹೊರಡುತ್ತಿರಲಿಲ್ಲ, ಅದಕ್ಕೇ ನಿಲ್ಲಿಸಲಿಲ್ಲ ಎಂದು ಡ್ರೈವರು ಸಮಾಧಾನ ಹೇಳಿದ. ಅವನ ಮುಂದೆ ಒಬ್ಬ ಮುದುಕ ಕೂಗಾಡುತ್ತಿದ್ದ. ಹೊನ್ನಾಳಿಯಲ್ಲಿ ನಿಂತಿದ್ದ ಬಸ್ಸಿನಲ್ಲಿ ನೆರಳಿದೆಯೆಂದು ಹಿಂದಿನ ಸೀಟಿನಲ್ಲಿ ಮಲಗಿದ್ದನಂತೆ. ಎದ್ದು ನೋಡಿದರೆ ನ್ಯಾಮತಿ.

"ಟಿಕೀಟು ತಗೊಂಡೋರೆಲ್ಲ ನಡಕೊಂಡು ಬಂದಾರೆ. ಎಲ್ಲಿಗೂ ಹೋಗದ ನನ್ನ ಯಾಕೆ ಕರಕೊಂಡು ಬಂದ್ಯೋ?" ಎಂದ.

ಆಯಾ ನೆಲದ ಮೇಲೆ ಕೂತು ನಕ್ಕಳು. ನಾನು ಪೆಟ್ಟಿಗೆ ಕಿತ್ತುಕೊಂಡು ಓಡಿದೆ. ಸಂಜೆಗೆ ಹೆಣ್ಣುಮಗು ಹುಟ್ಟಿತು.

ಹೊಳೆಯ ಆಚೆ ದಡ

ಆ ಮಳೆಗಾಲ ತುಂಗಭದ್ರೆ ಕೆಂಪಗೆ ತುಂಬಿ ಹರಿಯುತ್ತಿದ್ದಳು. ಆಚೆ ದಡದ ಊರಿನಲ್ಲಿ ಹೆಂಗಸೊಬ್ಬಳಿಗೆ ನೆತ್ತರು ಹೋಗುತ್ತಿದೆ ಎಂದು ಕರೆ ಬಂತು. ಅಂಬಿಗ ಹೊಳೆ ನೋಡಿದ, ನನ್ನನ್ನು ನೋಡಿದ, ಅಲುಗಾಡದೆ ಕೂತರೆ ಮಾತ್ರ ಹರಿಗೋಲು ಬಿಡುತ್ತೇನೆ ಎಂದ. ನಡುನೀರಿಗೆ ಬಂದದ್ದೇ ಹರಿಗೋಲು ಗರಗರ ತಿರುಗಿತು. ನಾನು ಕಣ್ಣು ಮುಚ್ಚಿ ಆಯಾಳ ತೋಳನ್ನು ಉಗುರು ನಾಟುವಂತೆ ಹಿಡಿದೆ. ಹೊಳೆಯ ಮೊರೆತ, ಅಂಬಿಗನ ಏದುಸಿರು ಬಿಟ್ಟರೆ ಬೇರೇನೂ ಕೇಳುತ್ತಿರಲಿಲ್ಲ.

ತಳ ನೆಲಕ್ಕೆ ಉಜ್ಜಿತು. ಕಣ್ಣು ಬಿಟ್ಟವಳೇ ಹಾರಿ, ಕೆಸರು ತುಳಿದು, ಎದುರಿಗೆ ಕಂಡ ಮನೆಗೆ ನುಗ್ಗಿ, ಎಲ್ಲಿ ಮಲಗಿಸಿದ್ದೀರಿ, ನೀರು ಕಾಯಿಸಿ ಎಂದೆ. ಊಟಕ್ಕೆ ಕೂತಿದ್ದ ಮನೆಯವನು ಕೈಯಲ್ಲಿ ತುತ್ತು ಹಿಡಿದುಕೊಂಡೇ ಎದ್ದ.

"ನಮ್ಮ ಎಮ್ಮೆ ಈಯಾಕೆ ಇನ್ನೂ ಹೊತ್ತೈತ್ರೀ" ಎಂದ.

ಸೆಳವು ನಮ್ಮನ್ನು ತಿರುಗಿಸಿ, ಹೊರಟ ದಡಕ್ಕೇ ಒಂದಷ್ಟು ಕೆಳಗೆ ತಂದು ಬಿಟ್ಟಿತ್ತು. ಮತ್ತೆ ಹೊಳೆಗಿಳಿಯಬೇಕು ಎಂದಾಗ ನಾನು ಅಲ್ಲೇ ಜಗಲಿಯ ಮೇಲೆ ಕೂತುಬಿಟ್ಟೆ. ಆಯಾ ನನ್ನ ಕೈ ಹಿಡಿದು, "ಎಮ್ಮೆಗೂ ನರ್ಸಮ್ಮ ಬರ್ತಾರಂತ ಊರಾಗೆಲ್ಲ ಸುದ್ದಿ ಆಗತೈತೆ, ಬರ್ರಿ ಹೋಗಾನ" ಎಂದಳು. ನನಗೇ ತಿಳಿಯದಂತೆ ನಗು ಬಂತು. ನಗುತ್ತಲೇ ದಾಟಿದೆ. ಆ ತಾಯಿ ಬದುಕಿಕೊಂಡಳು.

ಜಗಳೂರಿನ ಗಾಡಿ

ಆಮೇಲೆ ನನಗೆ ಜಗಳೂರಿಗೆ ವರ್ಗವಾಯಿತು. ಆಯಾ ಹೊನ್ನಾಳಿಯಲ್ಲೇ ಉಳಿದಳು. ಒಂದು ನಸುಕಿನಲ್ಲಿ ದೂರದ ಹಳ್ಳಿಯಿಂದ ಗಾಡಿ ಬಂತು. ಮಗು ಅಡ್ಡ ತಿರುಗಿದೆಯಂತೆ. ಗಾಡಿಯವನು ನಿದ್ದೆಗೆಟ್ಟು ಬಂದಿದ್ದ. ಹೊರಟ ಸ್ವಲ್ಪ ಹೊತ್ತಿಗೆ ಕೂತಲ್ಲೇ ತೂಕಡಿಸಿದ. ಹೆರಿಗೆಯ ಯೋಚನೆಯಲ್ಲಿದ್ದ ನಾನು ಅದನ್ನು ಗಮನಿಸಲೇ ಇಲ್ಲ. ಎತ್ತುಗಳು ತಾವಾಗಿಯೇ ಒಂದು ಊರು ಹೊಕ್ಕು, ಒಂದು ಮನೆಯ ಮುಂದೆ ನಿಂತವು. ಎಚ್ಚರಾದ ಗಾಡಿಯವನ ಮುಖ ಬಿಳಿಚಿಹೋಯಿತು.

ಅದು ಅವನ ಅತ್ತೆಯ ಮನೆ. ಜಗಳವಾಡಿ ತವರಿಗೆ ಬಂದಿದ್ದ ಹೆಂಡತಿ ಒಳಗಿದ್ದಳು, ತುಂಬಿದ ಬಸುರಿ. ಇನ್ನು ಈ ಹೊಸಲು ತುಳಿಯುವುದಿಲ್ಲ ಎಂದು ಆಣೆ ಮಾಡಿ ಹೋದವನಂತೆ ಇವನು.

ಅತ್ತೆ ಹೊರಗೆ ಬಂದು ಅಳಿಯನನ್ನು ನೋಡಿದಳು. ನನ್ನನ್ನೂ ಪೆಟ್ಟಿಗೆಯನ್ನೂ ನೋಡಿದಳು. ಕಣ್ಣಲ್ಲಿ ನೀರು ತುಂಬಿಕೊಂಡು, "ಜಗಳ ಮಾಡಿದ್ರೂ ಹೆಂಡ್ತಿಗೆ ನರ್ಸಮ್ಮನ್ನೇ ಕರಕೊಂಡು ಬಂದೀಯಲ್ಲಪ್ಪ" ಎಂದಳು.

ಅವನು ಬಾಯಿ ಬಿಡಬೇಡಿ ಎನ್ನುವಂತೆ ನನ್ನ ಕಡೆ ನೋಡಿದ. ನನಗೆ ಆ ಅಡ್ಡ ಮಗುವಿನದೇ ಚಿಂತೆ. ಓಡಿಹೋಗಿ ಅವಳ ಹೊಟ್ಟೆ ಮುಟ್ಟಿ ನೋಡಿ, ಎಲ್ಲ ಸರಿಯಿದೆ, ಇನ್ನೂ ದಿನವಿದೆ ಎಂದು ಹೇಳಿ ಗಾಡಿ ಹತ್ತಿದೆ. ಅವನು ಹೊಡೆದ ಹೊಡೆತಕ್ಕೆ ಗಾಡಿ ಹಾರುತ್ತ ಹೋಯಿತು. ಅಲ್ಲಿ ಆ ಮಗುವನ್ನು ತಿರುಗಿಸುವಷ್ಟರಲ್ಲಿ ನಾನು ಬೆವರಿನಲ್ಲಿ ತೊಯ್ದಿದ್ದೆ. ಹುಟ್ಟಿದ ಮಗು ಉಸಿರೆತ್ತಲಿಲ್ಲ. ಬೆನ್ನು ಉಜ್ಜಿದೆ, ತಟ್ಟಿದೆ. ಮನೆಯವರೆಲ್ಲ ಗೋಡೆಗೆ ಒತ್ತಿ ನಿಂತಿದ್ದರು. ಕೊನೆಗೆ ಅದು ಕಿರ್ರೆಂದಿತು.

ವಾಪಸು ಬರುವಾಗ ಗಾಡಿಯವನು ಎಚ್ಚರವಾಗಿಯೇ ಇದ್ದ. ಆದರೂ ಗಾಡಿ ಅದೇ ಮನೆಯ ಮುಂದೆ ನಿಂತಿತು. ಹೆಂಡತಿ ಗಂಟು ಕಟ್ಟಿಕೊಂಡು ಸಿದ್ಧವಾಗಿದ್ದಳು. ಹತ್ತಿ ನನ್ನ ಪಕ್ಕ ಕೂತು, ಗಂಡನ ಬೆನ್ನು ನೋಡುತ್ತ ಮೆಲ್ಲಗೆ ಕೇಳಿದಳು:

"ನಿಜ ಹೇಳ್ರಿ ನರ್ಸಮ್ಮ. ಇವ್ರು ಮನಸು ಮಾಡೇ ಬಂದ್ರಾ?"

ಅವನ ಬೆನ್ನು ಸೆಟೆಯಿತು.

"ಬರೋ ಮನಸ್ಸೇನೋ ಇತ್ತಮ್ಮ, ಆದರೆ ಅದು ಎತ್ತುಗಳದ್ದು" ಎಂದೆ.

ಮೊದಲು ನಕ್ಕವನು ಅವನೇ.